ಒಳಗೆ ಬಿಟ್ಟ ಬಟ್ಟೆ

ನಾನು ದರ್ಜಿ. ಯಾರಿಗೆ ಅಂಗಿ ಹೊಲಿದರೂ ಒಳಗೆ ಎರಡು ಬೆರಳಗಲ ಬಟ್ಟೆ ಬಿಡುತ್ತೇನೆ. ಗಿರಾಕಿ ದಪ್ಪಗಾದರೆ ಹೊಲಿಗೆ ಬಿಚ್ಚಿದರಾಯಿತು. ನನ್ನದಕ್ಕೆ ನಾಲ್ಕು ಬೆರಳು ಬಿಡುತ್ತೇನೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ.

ಮೊದಲಿನಿಂದಲೂ ನಾನು ಊರವರ ಬಾಯಲ್ಲಿ ಗುಂಡಮ್ಮನೇ. ಬಸುರಿಯಾದ ಮೇಲೆ ಕೇಳಬೇಕೆ?

"ಅಂಗಡಿ ಬಾಗಿಲು ಅಗಲ ಮಾಡಿಸ್ಲಾ?" ಎಂದ ಗಂಡ.

"ಮೊದ್ಲು ನಿನ್ನ ಬಾಯಿ ಹೊಲಿತೀನಿ, ಬಾ" ಎಂದೆ.

ಡಾಕ್ಟರಮ್ಮ ಮಾತ್ರ ನಗಲಿಲ್ಲ. "ಬೊಜ್ಜು ಜಾಸ್ತಿ ಇದ್ರೆ ಮೈಯೊಳಗೆ ಸಣ್ಣಗೆ ಉರಿಯೂತ ಇದ್ದೇ ಇರುತ್ತಮ್ಮ. ಬಸುರಿಲಿ ಬಿಪಿ ಏರಬಹುದು, ಮಗುಗೆ ಹೋಗೋ ರಕ್ತ ಕಮ್ಮಿ ಆಗಬಹುದು. ಕೈ, ಮುಖ ಊದಿದ್ರೆ ತಕ್ಷಣ ಬಾ."

ತಲೆಯಾಡಿಸಿದೆ. ನಾನು ಸಲೀಸಾಗಿ ಮಾಡುವ ವ್ಯಾಯಾಮ ಅದೊಂದೇ.

ಏಳು ತಿಂಗಳು ತುಂಬುವಷ್ಟರಲ್ಲಿ ನನ್ನ ಅಂಗಿಯ ತೋಳು ಬಿಗಿಯಾಯಿತು. ಬಿಚ್ಚಿದೆ. ಮತ್ತೆ ಬಿಗಿಯಾಯಿತು, ಮತ್ತೆ ಬಿಚ್ಚಿದೆ. ಬೇರೆ ಯಾರೇ ಆಗಿದ್ದರೂ ಆಸ್ಪತ್ರೆಗೆ ಓಡುತ್ತಿದ್ದರು. ನಾನೋ, ಒಗೆದು ಬಟ್ಟೆ ಕುಗ್ಗಿದೆ ಎಂದುಕೊಂಡೆ. ಕೊನೆಗೆ ಒಳಗಿನ ಬಟ್ಟೆಯೇ ಮುಗಿದುಹೋಯಿತು. ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದ ಅತ್ತೆಯನ್ನು ಕರೆದು, ತೋಳಿಗೊಂದು ತುಂಡು ಸೇರಿಸಿ ಎಂದೆ.

ಅತ್ತೆ ನನ್ನ ಕೈ ಒತ್ತಿ ನೋಡಿದರು. ಒತ್ತಿದ ಗುಳಿ ಹಾಗೇ ನಿಂತಿತು.

"ಮಗು ಇರೋದು ಹೊಟ್ಟೇಲಿ. ತೋಳು ಯಾಕೆ ಊದಿತೇ? ಏಳು, ಆಸ್ಪತ್ರೆಗೆ ನಡಿ!"

ಬಿಪಿ ನೋಡಿದ ಡಾಕ್ಟರಮ್ಮ, "ಇನ್ನು ಕಾಯೋ ಹಾಗಿಲ್ಲ" ಎಂದು ಅಂದೇ ಆಪರೇಷನ್ ಮಾಡಿದರು. ಹೆಣ್ಣು ಮಗು. ಗಾಜಿನ ಪೆಟ್ಟಿಗೆಯಲ್ಲಿ, ಒಂದು ಮೊಳ ಉದ್ದವೂ ಇಲ್ಲ. ಇಷ್ಟು ದೊಡ್ಡ ನನ್ನಿಂದ ಅವಳಿಗೆ ಸಿಕ್ಕಿದ್ದು ಅಷ್ಟೇ.

ಎಷ್ಟೋ ದಿನ ಕಾದ ಮೇಲೆ ನರ್ಸ್ ಬಂದು, "ನಾಳೆ ಪೆಟ್ಟಿಗೆಯಿಂದ ತೆಗಿತೀವಿ, ಒಂದು ಅಂಗಿ ತನ್ನಿ" ಎಂದಳು. ಅಂಗಡಿಗಳಲ್ಲಿ ಸಿಗುವುದೆಲ್ಲ ಅವಳಿಗೆ ದೊಡ್ಡದು. ಹಾಸಿಗೆಯ ಮೇಲೆ ಕೂತು ಕೈಯಲ್ಲೇ ಹೊಲಿದೆ. ಮೈಗೆ ಚುಚ್ಚದಿರಲೆಂದು ಹೊಲಿಗೆಯನ್ನು ಹೊರಮಗ್ಗುಲಿಗೆ ಹಾಕಿದೆ.

ಅತ್ತೆ ಅಂಗಿ ಎತ್ತಿ ನೋಡಿದರು. "ಇದೇನೇ, ನಾಲ್ಕು ಬೆರಳು ಬಿಟ್ಟಿದೀಯ? ಅಂಗಿಗಿಂತ ಬಿಟ್ಟಿರೋ ಬಟ್ಟೆನೇ ಜಾಸ್ತಿ ಆಯ್ತಲ್ಲ!"

"ಇರ್ಲಿ ಅತ್ತೆ, ದಪ್ಪ ಆಗ್ತಾಳೆ" ಎಂದೆ.

ಊರೆಲ್ಲ ನನ್ನನ್ನು ಆಡಿಕೊಂಡ ಮಾತನ್ನೇ ಅವಳಿಗಾಗಿ ಬೇಡಿಕೊಳ್ಳುತ್ತಿದ್ದೆ.