ಗಂಟೆಯಕ್ಕ ಆರಿಸಿದ ಆಟ

ಕೆಂಪು ಕಾರು ಮೂರನೇ ಸಲ ಗೋಡೆಗೆ ಗುದ್ದಿ ನಿಂತಿತು. ಪರದೆಯ ತುಂಬ ಹೊಗೆ ಎದ್ದಿತು, ಕಂಪ್ಯೂಟರಿನೊಳಗಿಂದ ಒಂದಷ್ಟು ಜನ ಹೋ ಎಂದು ನಕ್ಕರು. ಮೂರನೇ ತರಗತಿಯ ಟೀಚರ್ ಬೇಕೆಂದೇ ಇನ್ನೊಂದು ತಪ್ಪು ಉತ್ತರ ಒತ್ತಿದಳು. ಮತ್ತೆ ಗುದ್ದು, ಮತ್ತೆ ಹೊಗೆ, ಅದೇ ನಗು. ಮಕ್ಕಳಿಗೆ ಇದು ಇಷ್ಟವಾಗಬಹುದು ಎಂದುಕೊಂಡಳು. ಆಗದೆಯೂ ಇರಬಹುದು. ಐದು ದಿನದಿಂದ ಇಂಥ ಆಟಗಳನ್ನೇ ನೋಡಿ ನೋಡಿ ಅವಳಿಗೆ ತಲೆ ಚಿಟ್ಟು ಹಿಡಿದಿತ್ತು.

ಶಾಲೆಗೆ ಹನ್ನೆರಡು ಕಂಪ್ಯೂಟರು ಬಂದದ್ದು ಆ ತಿಂಗಳೇ. ಒಂದರಿಂದ ನಾಲ್ಕನೇ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್‌ನಲ್ಲಿ ಸಿಗುವ ಒಂದು ಗಣಿತದ ಆಟ ಆರಿಸಿಕೊಡಿ ಎಂದು ಹೆಡ್‌ಮಾಸ್ಟರು ಅವಳಿಗೆ ಒಪ್ಪಿಸಿದ್ದರು. "ನೀವು ಹೊಸಬರು, ನಿಮಗೆ ಇದೆಲ್ಲ ಬೆರಳ ತುದೀಲಿರುತ್ತೆ" ಎಂದು ಹನ್ನೊಂದು ಆಟಗಳ ಪಟ್ಟಿಯನ್ನೂ ಕೊಟ್ಟಿದ್ದರು. ಒಂದು ಆಟ ಮೊದಲಿಗೇ ಮಗುವಿನ ಫೋಟೋ ಮತ್ತು ಮನೆ ವಿಳಾಸ ಕೇಳಿತು. ಅದನ್ನು ಹೊಡೆದುಹಾಕಿದಳು. ಇನ್ನೆರಡರಲ್ಲಿ ಲೆಕ್ಕಕ್ಕೊಂದು ಜಾಹೀರಾತು. ಮತ್ತೊಂದರ ಸೂಚನೆಗಳನ್ನು ಅವಳೇ ಎರಡೆರಡು ಸಲ ಓದಬೇಕಾಯಿತು. ಒಂದಂತೂ ಬರೀ ಮಗ್ಗಿ ಪುಸ್ತಕ, ಮೇಲೊಂದು ರಾಕ್ಷಸನ ಮುಖ ಅಂಟಿಸಿದ್ದರು. ಹೀಗೆ ಒಂದೊಂದನ್ನೇ ಬಿಡುತ್ತ ಶುಕ್ರವಾರದ ಕೊನೇ ಪೀರಿಯಡ್ಡಿನ ಹೊತ್ತಿಗೆ ಉಳಿದದ್ದು ಎರಡು: ಈ ಕಾರಿನ ಆಟ, ಮತ್ತೆ ಕಡ್ಡಿ ಜೋಡಿಸುವ ಒಂದು ಸಪ್ಪೆ ಆಟ.

ಹೆಡ್‌ಮಾಸ್ಟರ ಮನಸ್ಸು ಕಾರಿನ ಮೇಲಿತ್ತು. ಪೋಷಕರ ಸಭೆಯಲ್ಲಿ ಅದನ್ನು ತೋರಿಸಿಯೂ ಬಿಟ್ಟಿದ್ದರು. "ಅಪ್ಪಂದಿರು ಮೌಸ್ ಬಿಟ್ಟು ಏಳ್ಲೇ ಇಲ್ಲ ಮೇಡಂ!" ಎಂದು ನಕ್ಕಿದ್ದರು. ಗಂಟೆ ಹೊಡೆದ ಕೂಡಲೇ ಅವಳು ಆಟದ ಹೆಸರು ಹೇಳಬೇಕಿತ್ತು. ಸೋಮವಾರ ಆ ಆಟಕ್ಕೆ ಮಕ್ಕಳ ಹೆಸರು ಬರೆಸಿದರೆ ಮುಗಿಯಿತು, ವರ್ಷವಿಡೀ ಅದೇ ಆಟ. ಕಾರು ಬೇಡ ಎಂದು ಅವಳ ಒಳಮನಸ್ಸು ಹೇಳುತ್ತಿತ್ತು. ಯಾಕೆ ಎಂದು ಕೇಳಿದರೆ ಬಾಯಿ ಕಟ್ಟುತ್ತಿತ್ತು. ಉತ್ತರ ಗೊತ್ತಿರುವವಳಿಗೆ ಎರಡು ಆಟವೂ ಸುಲಭವೇ, ಲೆಕ್ಕ ಬಾರದವರಿಗೆ ಹೇಗಿರುತ್ತದೋ ತಿಳಿಯುತ್ತಿರಲಿಲ್ಲ.

ಆಗ ಗಂಟೆಯಕ್ಕ ಒಣಬಟ್ಟೆ ಹಿಡಿದು ಧೂಳು ಒರೆಸಲು ಬಂದಳು. ಶಾಲೆ ಗುಡಿಸಿ, ಒರೆಸಿ, ಸೀಮೆಸುಣ್ಣ ಹಂಚಿ, ಹೊತ್ತುಹೊತ್ತಿಗೆ ಗಂಟೆ ಬಾರಿಸುವವಳು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನವೂ ಅವಳ ಗಂಟೆ ಹಿಂದುಮುಂದಾದದ್ದಿಲ್ಲ.

"ಅಕ್ಕಾ, ಒಂದೈದು ನಿಮಿಷ ಇಲ್ಲಿ ಕೂತ್ಕೋತೀರಾ? ಈ ಆಟ ಆಡಿ ಹೇಳಿ, ಹೇಗಿದೆ ಅಂತ."

"ನಾನಾ? ಒಳ್ಳೆ ತಮಾಷೆ ಮಾಡ್ತೀರಿ ಮೇಡಂ. ಇಲಿ ಅಂತಾರಲ್ಲ ಇದನ್ನ, ಕಚ್ಚೋದಿಲ್ಲ ತಾನೆ?"

ನಗುತ್ತಲೇ ಕೂತಳು. ಪರದೆಯ ಮೇಲೆ ನಲವತ್ತೆರಡರಲ್ಲಿ ಹದಿನೇಳು ಕಳೆಯುವ ಲೆಕ್ಕ ಬಂತು. ಮೂಲೆಯಲ್ಲಿ ಗಡಿಯಾರ ಟಿಕ್ ಟಿಕ್ ಎಂದು ಇಳಿಯತೊಡಗಿತು. ಗಂಟೆಯಕ್ಕ ಬೆರಳು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಧಡ್ ಎಂದು ಕಾರು ಗುದ್ದಿತು. ಹೋ ಎಂದು ನಗು.

ಗಂಟೆಯಕ್ಕ ಎದ್ದು ನಿಂತುಬಿಟ್ಟಳು. ಕೈಕಟ್ಟಿ, ತಲೆ ತಗ್ಗಿಸಿ.

"ಯಾಕಕ್ಕ, ಎದ್ರಿ?"

ತಾನು ಎದ್ದು ನಿಂತದ್ದು ಅವಳಿಗೂ ಆಗಲೇ ಅರಿವಾದದ್ದು. ಕೈ ಬಿಚ್ಚಿ, ಒಣಬಟ್ಟೆಯಿಂದ ಸುಮ್ಮನೆ ಮೇಜು ಒರೆಸಿದಳು. "ನೋಡಿ, ಈ ವಯಸ್ಸಲ್ಲೂ ಕಾಲಿಗೆ ಮರೆತಿಲ್ಲ. ಮೂರನೇ ಕ್ಲಾಸಲ್ಲಿ ಇದೇ ಲೆಕ್ಕ ಮೇಡಂ, ಕಳೆಯೋದು. ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ ಅಂದ್ರು ಮೇಷ್ಟ್ರು. ತಗೊಂಡಿದ್ದನ್ನ ವಾಪಸ್ ಯಾವಾಗ ಕೊಡ್ಬೇಕು ಸಾರ್ ಅಂದೆ. ಕ್ಲಾಸೆಲ್ಲ ನಕ್ಬಿಡ್ತು. ಅಧಿಕಪ್ರಸಂಗಿ ಅಂತ ಸಂಜೆವರೆಗೂ ನಿಲ್ಲಿಸಿದ್ರು. ಮಾರನೇ ದಿನ ಹೊಟ್ಟೆನೋವು ಅಂದೆ. ಆಮೇಲೆ ಹೋಗ್ಲೇ ಇಲ್ಲ."

"ನಾನು ತಮಾಷೆಗೆ ಕೇಳಿದ್ದಲ್ಲ" ಎಂದೂ ಸೇರಿಸಿದಳು, ಈಗಲೂ ಯಾರಿಗೋ ಸಮಜಾಯಿಷಿ ಕೊಡುವವಳಂತೆ.

ಟೀಚರ್ ಕಾರಿನ ಆಟ ಮುಚ್ಚಿ ಕಡ್ಡಿಯ ಆಟ ತೆರೆದಳು. "ಇದನ್ನೂ ಒಂದ್ಸಲ ನೋಡಿ ಅಕ್ಕ. ಇದ್ರಲ್ಲಿ ಗಡಿಯಾರ ಇಲ್ಲ. ಯಾರೂ ನಗಲ್ಲ."

ಅದೇ ಲೆಕ್ಕ. ಆದರೆ ಇಲ್ಲಿ ನಲವತ್ತೆರಡು ಎಂದರೆ ಹತ್ತು ಹತ್ತು ಕಡ್ಡಿಯ ನಾಲ್ಕು ಕಂತೆ, ಪಕ್ಕದಲ್ಲಿ ಬಿಡಿ ಕಡ್ಡಿ ಎರಡು. ಅದರಲ್ಲಿ ಹದಿನೇಳನ್ನು ತೆಗೆದು ಬುಟ್ಟಿಗೆ ಹಾಕಬೇಕು. ಗಂಟೆಯಕ್ಕ ಒಂದು ಕಂತೆಯನ್ನು ಎಳೆದು ಹಾಕಿದಳು. ಬಿಡಿ ಕಡ್ಡಿ ಎರಡನ್ನೂ ಹಾಕಿದಳು. ಇನ್ನೂ ಐದು ಬೇಕು. ಇಲಿಯ ಮೇಲಿನ ಕೈ ಅಲ್ಲೇ ನಿಂತಿತು. ಆಟ ಸುಮ್ಮನೆ ಕಾಯಿತು. ಬಹಳ ಹೊತ್ತು ಕಾಯಿತು. ಕೊನೆಗೆ ಅವಳು ಒಂದು ಕಂತೆಯ ದಾರದ ಮೇಲೆ ಒತ್ತಿದಳು. ದಾರ ಬಿಚ್ಚಿಕೊಂಡು ಹತ್ತು ಕಡ್ಡಿ ಹರಡಿಬಿದ್ದವು.

"ಅಯ್ಯೋ ನಿನ್ನ!" ಎಂದಳು ಗಂಟೆಯಕ್ಕ ಪರದೆಗೆ. "ಇದು ಸಾಲ ಎಲ್ಲಾಯ್ತು ಮೇಡಂ? ನಮ್ಮದೇ ಕಂತೆ, ನಾವೇ ಬಿಚ್ಚಿದ್ದು! ಬಿಡಿ ಸೀಮೆಸುಣ್ಣ ಸಾಲದೇ ಹೋದ್ರೆ ನಾನು ಹೊಸ ಪೆಟ್ಟಿಗೆ ಒಡೀತೀನಲ್ಲ, ಹಂಗೇನೆ. ವಾಪಸ್ ಕೊಡೋ ಮಾತೇ ಇಲ್ಲ!"

ಐದು ಕಡ್ಡಿ ಬುಟ್ಟಿಗೆ ಹೋದವು. ಎರಡು ಕಂತೆ, ಐದು ಕಡ್ಡಿ ಉಳಿದವು. "ಇಪ್ಪತ್ತೈದು" ಎಂದು ಅವಳು ತಾನೇ ಹೇಳಿಕೊಂಡಳು. ಇನ್ನೊಂದು ಲೆಕ್ಕ ತಾನಾಗಿಯೇ ಬಂತು. ಅದಾದ ಮೇಲೆ ಮತ್ತೊಂದು. ಮಾತು ನಿಂತಿತು, ನಾಲಿಗೆಯ ತುದಿ ತುಟಿಯಂಚಿಗೆ ಬಂದಿತ್ತು. ಟೀಚರ್ ನೋಡುತ್ತ ಕೂತಳು.

ಬಾಗಿಲಲ್ಲಿ ಹೆಡ್‌ಮಾಸ್ಟರು ಕಾಣಿಸಿಕೊಂಡಾಗಲೇ ಇಬ್ಬರೂ ಗೋಡೆ ಗಡಿಯಾರ ನೋಡಿದ್ದು. ಬಿಡುವ ಹೊತ್ತು ಮೀರಿ ಐದು ನಿಮಿಷವಾಗಿತ್ತು.

"ಏನಮ್ಮ, ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ್ದ? ಮಕ್ಕಳೆಲ್ಲ ಬ್ಯಾಗ್ ಹಾಕ್ಕೊಂಡು ನಿಂತಿದಾವೆ."

"ದೇವ್ರೇ!" ಎಂದು ಗಂಟೆಯಕ್ಕ ಓಡಿದಳು. ಗಂಟೆ ಮೊಳಗಿತು. ಓಣಿಯುದ್ದಕ್ಕೂ ಮಕ್ಕಳ ಕಾಲಿನ ಸದ್ದು ಹರಿದುಹೋಯಿತು. ಅಷ್ಟರಲ್ಲಿ ಟೀಚರ್ ನಡೆದದ್ದನ್ನೆಲ್ಲ ಹೇಳಿದಳು. ಈಗ ಮಾತಿಗೆ ತಡಕಾಡಬೇಕಾಗಲಿಲ್ಲ. ಹೆಡ್‌ಮಾಸ್ಟರು ಗಂಟೆಯಕ್ಕ ಬಿಟ್ಟುಹೋದ ಕುರ್ಚಿಯಲ್ಲಿ ಕೂತು, ಕನ್ನಡಕ ಸರಿಮಾಡಿಕೊಂಡು, ತಾವೂ ಒಂದು ಕಂತೆ ಬಿಚ್ಚಿದರು. ಹರಡಿದ ಕಡ್ಡಿಗಳನ್ನು ಪರದೆಗೆ ಬೆರಳಿಟ್ಟು ಎಣಿಸಿದರು.

"ಇಪ್ಪತ್ತೆಂಟು ವರ್ಷ ನಾನೂ ಪಕ್ಕದ ಮನೆ ಸಾಲ ಅಂತಾನೇ ಹೇಳ್ಕೊಟ್ಟೆ ಮೇಡಂ" ಎಂದರು. "ಯಾವ ಮಗುವೂ ವಾಪಸ್ ಯಾವಾಗ ಅಂತ ಕೇಳ್ಲಿಲ್ಲ. ಕೇಳಿದ್ರೆ ನಾನೇನು ಮಾಡ್ತಿದ್ನೋ."

ಗಂಟೆಯಕ್ಕ ತಪ್ಪಿತಸ್ಥಳ ಮುಖ ಮಾಡಿಕೊಂಡು ಬಂದು ಬಾಗಿಲಲ್ಲೇ ನಿಂತಳು. "ತಪ್ಪಾಯ್ತು ಸಾರ್, ಹೊತ್ತು ಹೋದದ್ದೇ ಗೊತ್ತಾಗ್ಲಿಲ್ಲ."

"ಅದು ಬಿಡಿ. ನೀವು ಅವತ್ತು ಕೇಳಿದ್ರಲ್ಲ, ಅದು ಸರಿಯಾದ ಪ್ರಶ್ನೆ ಕಣಮ್ಮ. ಆ ಮೇಷ್ಟ್ರಿಗೆ ಉತ್ತರ ಗೊತ್ತಿರ್ಲಿಲ್ಲ."

ಗಂಟೆಯಕ್ಕ ಅವರನ್ನೇ ನೋಡಿದಳು. "ಅಷ್ಟೇನಾ ಸಾರ್?" ಎಂದಳು. ನಕ್ಕಳು, ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. "ನಾನೇ ದಡ್ಡಿ ಅಂದ್ಕೊಂಡಿದ್ದೆ, ಇಷ್ಟು ವರ್ಷ."

"ಕಡ್ಡೀದೇ ಇರ್ಲಿ ಮೇಡಂ" ಎಂದು ಹೆಡ್‌ಮಾಸ್ಟರು ಎದ್ದರು. "ಕಾರು ಬೇಕಾದ್ರೆ ಅಪ್ಪಂದಿರು ಆಡ್ಕೊಳ್ಳಿ."

ಅವರು ಹೋದ ಮೇಲೆ ಟೀಚರ್ ಗಂಟೆಯಕ್ಕನ ಕೈ ಹಿಡಿದುಕೊಂಡಳು. "ನೀವಿಲ್ದಿದ್ರೆ ನನಗೆ ಗೊತ್ತೇ ಆಗ್ತಿರ್ಲಿಲ್ಲ. ತುಂಬ ಉಪಕಾರ ಆಯ್ತು ಅಕ್ಕ."

"ನಂಗ್ ನೀವು ಉಪಕಾರ ಅಂತ ಹೇಳೋದಾ? ಚೆನ್ನಾಗಿದೆ!" ಎಂದು ಗಂಟೆಯಕ್ಕ ಕೈ ಬಿಡಿಸಿಕೊಳ್ಳದೆ ಹಾಗೇ ನಿಂತಿದ್ದಳು.

ಸೋಮವಾರ ಮಕ್ಕಳ ಹೆಸರು ಬರೆಯಲು ಟೀಚರ್ ಮುಕ್ಕಾಲು ಗಂಟೆ ಮೊದಲೇ ಬಂದಳು. ಓಣಿಯ ಆ ತುದಿಯಲ್ಲಿ ಬಕೆಟ್ ಎಳೆಯುವ ಸದ್ದು ಕೇಳಿಸುತ್ತಿತ್ತು. ಕಂಪ್ಯೂಟರ್ ಕೋಣೆಯ ನೆಲ ಆಗಲೇ ಒರೆಸಿ ಆರಿತ್ತು. ಕಿಟಕಿ ಪಕ್ಕದ ಕಂಪ್ಯೂಟರಿನ ಮುಂದೆ ಕೂತಳು. ಕುರ್ಚಿ ಇನ್ನೂ ಬೆಚ್ಚಗಿತ್ತು. ಪರದೆಯ ಮೇಲೆ ನೂರಮೂರರಲ್ಲಿ ಐವತ್ತೆಂಟು ಕಳೆಯುವ ಲೆಕ್ಕ ಅರ್ಧಕ್ಕೆ ನಿಂತಿತ್ತು. ನೂರರ ದೊಡ್ಡ ಕಂತೆ ಬಿಚ್ಚಿ ಹತ್ತು ಚಿಕ್ಕ ಕಂತೆಗಳಾಗಿದ್ದವು. ಅವುಗಳಲ್ಲೂ ಒಂದನ್ನು ಬಿಚ್ಚಿ, ಹದಿಮೂರು ಬಿಡಿ ಕಡ್ಡಿಗಳನ್ನು ಒಂದರ ಪಕ್ಕ ಒಂದು ಸಾಲಾಗಿ ಜೋಡಿಸಿಡಲಾಗಿತ್ತು.

ಟೀಚರ್ ಅದನ್ನು ಮುಚ್ಚಲಿಲ್ಲ. ಎದ್ದು, ಪಕ್ಕದ ಕಂಪ್ಯೂಟರಿನ ಮುಂದೆ ಕೂತು ಮೊದಲನೆಯ ಮಗುವಿನ ಹೆಸರು ಬರೆದಳು.