ದನಿ ಬಂದರೆ ರೇಡಿಯೋ ಸುಮ್ಮನಾಗಬೇಕು

ರಿಪೇರಿಯವರ ಅಂಗಡಿ ಕೆಳಗೆ, ಮನೆ ಮೇಲೆ. ನಡುವೆ ಹದಿನಾರು ಮೆಟ್ಟಿಲು. ಆ ಮೆಟ್ಟಿಲುಗಳನ್ನು ದಿನಕ್ಕೆ ಇಪ್ಪತ್ತು ಸಲ ಹತ್ತಿ ಇಳಿಯುತ್ತಿದ್ದ ಹೆಂಡತಿ ತೀರಿಕೊಂಡು ಎರಡು ತಿಂಗಳಾಗಿತ್ತು. ದೇವರು ಕರೆಸಿಕೊಂಡ ಮೇಲೆ ಯಾಕೆಂದು ಕೇಳಲಾದೀತೆ? ಮೇಲಿನ ಕೋಣೆಯಲ್ಲಿ ಈಗ ಉಳಿದವರು ಆಕೆಯ ತಾಯಿ, ಅಂದರೆ ರಿಪೇರಿಯವರ ಅತ್ತೆ. ಎಂಬತ್ತನಾಲ್ಕು ವರ್ಷ. ಕಣ್ಣಿಗೆ ಮಂಜು, ಕಾಲಿಗೆ ಬಲವಿಲ್ಲ, ಬುದ್ಧಿ ಮಾತ್ರ ಚುರುಕು.

ರಿಪೇರಿಯವರ ಕಸುಬಿನಲ್ಲಿ ಒಂದು ಕಟ್ಟಳೆಯಿತ್ತು. ಸರಿಪಡಿಸಿದ ಯಾವ ರೇಡಿಯೋವೂ ಮೂರು ಗಂಟೆ ಎಡೆಬಿಡದೆ ಹಾಡದ ಹೊರತು ಗಿರಾಕಿಯ ಕೈಗೆ ಹೋಗುವಂತಿಲ್ಲ. ಬೆಂಚಿನ ಮೇಲಿನ ದೊಡ್ಡ ಸ್ಪೀಕರಿಗೆ ಅದನ್ನು ಸಿಕ್ಕಿಸಿ, ಕಿವಿಯ ಒಂದು ಮೂಲೆಯನ್ನು ಅದಕ್ಕೆ ಕೊಟ್ಟು, ಕೈಯನ್ನು ಇನ್ನೊಂದು ಕೆಲಸಕ್ಕೆ ಹಚ್ಚುವುದು ಅವರ ಪದ್ಧತಿ. ಹೀಗಾಗಿ ಅಂಗಡಿಯಲ್ಲಿ ಸದಾ ಗದ್ದಲ.

ಹೋದ ವಾರ ಆ ಗದ್ದಲದಲ್ಲೇ ಅನಾಹುತವಾಗಿತ್ತು. ಬಾಯಾರಿದ ಅತ್ತೆ ತಾವೇ ಎದ್ದು ಹೂಜಿಯ ಕಡೆ ಹೋಗಿ, ಜಾರಿ ಬಿದ್ದು, ಮೊಣಕೈ ಊದಿಸಿಕೊಂಡಿದ್ದರು. ಸುದ್ದಿ ತಿಳಿದ ನಾದಿನಿ ಫೋನಿನಲ್ಲಿ ಕಿಡಿಕಿಡಿಯಾದಳು.

"ಭಾವ, ತಪ್ಪು ತಿಳ್ಕೋಬೇಡಿ. ನಿಮಗೆ ರೇಡಿಯೋ ಒಂದೇ ಕೇಳಿಸೋದು. ಭಾನುವಾರ ಬಂದು ಅಮ್ಮನ್ನ ಕರ್ಕೊಂಡು ಹೋಗ್ತೀನಿ."

"ನೀನು ಬೆಳಗ್ಗೆ ಕೆಲಸಕ್ಕೆ ಹೋದರೆ ಸಂಜೆ ಬರ್ತೀಯ. ಅಲ್ಲಿ ಅವರ ಜೊತೆ ಯಾರಿರ್ತಾರೆ?"

"ಇಲ್ಲಿ ಯಾರಿದ್ರು, ಹೇಳಿ? ಅಕ್ಕ ಇದ್ದಾಗಿನ ಮಾತು ಬೇರೆ."

ಅತ್ತೆಯೂ ಹೋದರೆ, ಸತ್ತವಳ ಬಗ್ಗೆ "ಅವಳು ಹಾಗಲ್ಲ, ಹೀಗೆ" ಎಂದು ತಿದ್ದಿ ಹೇಳುವವರು ಆ ಮನೆಯಲ್ಲಿ ಒಬ್ಬರೂ ಇರುವುದಿಲ್ಲ. ಇದನ್ನು ಫೋನಿನಲ್ಲಿ ಹೇಳುವುದು ಹೇಗೆ? "ಭಾನುವಾರ ಬಾ, ನೋಡೋಣ" ಎಂದು ರಿಪೇರಿಯವರು ಫೋನ್ ಇಟ್ಟುಬಿಟ್ಟರು.

ಅಂದೇ ಕೆಲಸಕ್ಕೆ ಕೂತರು. ಲೆಕ್ಕಾಚಾರ ಸರಳ. ಮೇಲಿನ ಕೋಣೆಯಲ್ಲಿ ಒಂದು ಮೈಕು, ಕೆಳಗೆ ರೇಡಿಯೋ. ಎರಡೂ ಬೆಂಚಿನ ಸ್ಪೀಕರಿಗೇ ಬರಬೇಕು, ಆದರೆ ಒಟ್ಟಿಗೆ ಅಲ್ಲ. ಮೈಕಿನಲ್ಲಿ ದನಿ ಬಂದ ಕೂಡಲೇ ರೇಡಿಯೋ ತಾನಾಗಿ ಕಡಿದುಹೋಗಿ ಮೈಕು ಕೇಳಿಸಬೇಕು. ದನಿ ನಿಂತ ನಾಲ್ಕು ಸೆಕೆಂಡಿಗೆ ರೇಡಿಯೋ ಮರಳಬೇಕು. ಕೈಯಿಂದ ತಿರುಗಿಸುವ ಸ್ವಿಚ್ಚನ್ನು ಅವರು ನಂಬಲಿಲ್ಲ. ಮರೆಯುವುದು ಮನುಷ್ಯ, ತಾನಾಗಿ ತಿರುಗುವ ಸ್ವಿಚ್ಚಾದ ರಿಲೇ ಮರೆಯುವುದಿಲ್ಲ.

ಮೈಕಿನ ದನಿಯನ್ನು ಮೊದಲು ಹಿಗ್ಗಿಸಿ, ಡಯೋಡಿನಲ್ಲಿ ಹಾಯಿಸಿ, ಒಂದು ಕೆಪಾಸಿಟರಿಗೆ ತುಂಬಿದರು. ಅದು ತುಂಬಿದಾಗ ಟ್ರಾನ್ಸಿಸ್ಟರ್ ಎಚ್ಚರಗೊಂಡು ರಿಲೇಯನ್ನು ಎಳೆಯುತ್ತದೆ, ಬರಿದಾದಾಗ ಬಿಡುತ್ತದೆ. ಎಷ್ಟು ದನಿಗೆ ಎಚ್ಚರಗೊಳ್ಳಬೇಕು ಎಂಬುದಕ್ಕೆ ಸ್ಕ್ರೂಡ್ರೈವರಿನಿಂದ ತಿರುಗಿಸುವ ಒಂದು ಪುಟ್ಟ ತಿರುಪು. ಎಲ್ಲವನ್ನೂ ಹಳೆಯ ಬಿಸ್ಕತ್ ಡಬ್ಬಿಯೊಳಗೆ ಕೂರಿಸಿದರು.

ಎದುರಂಗಡಿಯ ದರ್ಜಿ ಬಂದು ಡಬ್ಬಿಗೆ ಮೂಗು ತೂರಿಸಿದ. "ಇಷ್ಟೆಲ್ಲ ಯಾಕಪ್ಪಾ? ಒಂದು ಕರೆಗಂಟೆ ಹಾಕಿಸಿದ್ರೆ ಮುಗೀತಿತ್ತು."

"ಹಾಕಿಸಿದ್ದೆ. ಗುಂಡಿ ದಿಂಬಿನ ಕೆಳಗೆ ಬಚ್ಚಿಟ್ಟಿದ್ದಾರೆ. ಗಂಟೆ ಒತ್ತಿ ಅಳಿಯನ್ನ ಕರೆಯೋಕೆ ಅವರೇನು ಆಳಾ ಅಂತ ಕಿರಿಮಗಳ ಹತ್ರ ಅಂದರಂತೆ."

"ಗಟ್ಟಿ ಮುದುಕಿ!"

"ಮಾತು ಸಾಕು. ಮೇಲೆ ಹೋಗಿ ಮೈಕಲ್ಲಿ ಏನಾದ್ರೂ ಹೇಳು."

ಬೀದಿಯ ಆ ತುದಿಗೆ ಕೇಳುವಂಥ ಗಂಟಲು ದರ್ಜಿಯದು. ಕೆಳಗೆ ರೇಡಿಯೋದಲ್ಲಿ ಯಾರೋ ಧಾನ್ಯದ ಧಾರಣೆ ಓದುತ್ತಿದ್ದಂತೆಯೇ ಡಬ್ಬಿಯೊಳಗೆ 'ಟಕ್' ಎಂದಿತು. ಧಾರಣೆ ನಿಂತು, ದರ್ಜಿ ಗುಡುಗಿದ: "ರಿಪೇರಿಯಪ್ಪಾ! ನನ್ನ ರೇಡಿಯೋ ತಗೊಂಡು ಎರಡು ವರ್ಷ ಆಯ್ತು! ಇಷ್ಟರಲ್ಲಿ ಅದಕ್ಕೆ ಮೊಮ್ಮಕ್ಕಳಾಗಿರಬೇಕು!"

ರಿಪೇರಿಯವರು ಎರಡು ತಿಂಗಳಲ್ಲಿ ಮೊದಲ ಸಲ ನಕ್ಕರು. ಫ್ಯಾನಿನ ಸದ್ದಿಗೆ, ಕಾಗೆಯ ಕೂಗಿಗೆ ಟಕ್ಕೆನ್ನದ ಹಾಗೆ ತಿರುಪನ್ನು ಬಿಗಿ ಮಾಡಿದರು. ಮೈಕನ್ನು ಅತ್ತೆಯ ದಿಂಬಿನ ಪಕ್ಕದ ಗೋಡೆಗೆ ಕಟ್ಟಿ, "ಅತ್ತೆ, ಏನು ಬೇಕಾದ್ರೂ ಕೂತಲ್ಲಿಂದಲೇ ಹೇಳಿ. ನನಗೆ ಕೇಳಿಸುತ್ತೆ" ಎಂದರು. ಅತ್ತೆ ತಲೆಯಾಡಿಸಿದರು.

ಗುರುವಾರ ರೇಡಿಯೋ ಒಮ್ಮೆಯೂ ನಿಲ್ಲಲಿಲ್ಲ. ಶುಕ್ರವಾರವೂ ಇಲ್ಲ. ಏನೂ ಬೇಕಾಗಿಲ್ಲವೇನೋ ಎಂದುಕೊಂಡರು. ಶನಿವಾರ ಮಧ್ಯಾಹ್ನ ಊಟದ ತಟ್ಟೆ ಹಿಡಿದು ಮೇಲೆ ಹೋದರೆ ನೀರಿನ ಲೋಟ ಒಣಗಿ ನಿಂತಿತ್ತು, ಅತ್ತೆಯ ತುಟಿಯೂ.

"ಇದೇನತ್ತೆ? ಒಂದು ಮಾತು ಹೇಳಬಾರದಿತ್ತಾ?"

ಅತ್ತೆ ಸೆರಗು ಸರಿಪಡಿಸಿಕೊಂಡು, "ಹೇಳಿದ್ದಾಯ್ತಲ್ಲ" ಎಂದರು.

"ಯಾವಾಗ? ಯಾರಿಗೆ?"

ಅತ್ತೆಯ ಮಂಜು ಕವಿದ ಕಣ್ಣು ಆಚೆ ಬದಿಯ ಮಂಚದ ಕಡೆ ಹೋಗಿ ನಿಂತಿತು. ತಾಯಿಯನ್ನು ನೋಡಿಕೊಳ್ಳಲೆಂದು ಕೊನೆಯ ಎರಡು ವರ್ಷ ಮಗಳು ಮಲಗುತ್ತಿದ್ದ ಮಂಚ ಅದು. ಹಾಸಿಗೆ ಸುತ್ತಿಟ್ಟಿದ್ದರೂ ದಿಂಬು ಹಾಗೆಯೇ ಇತ್ತು.

ರಿಪೇರಿಯವರು ತಟ್ಟೆ ಹಿಡಿದೇ ನಿಂತರು. ಮೂವತ್ತೆಂಟು ವರ್ಷದಲ್ಲಿ ಅತ್ತೆ ತಮ್ಮನ್ನು ನೇರವಾಗಿ ಏನನ್ನಾದರೂ ಕೇಳಿದ್ದುಂಟೇ? ಇಲ್ಲ. ಒಂದೇ ಕೋಣೆಯಲ್ಲಿ ಕೂತಿದ್ದಾಗಲೂ "ಚಿನ್ನೀ, ನಿನ್ನ ಯಜಮಾನರಿಗೆ ಹೇಳಮ್ಮ, ಕಿಟಕಿ ಹಾಕಬೇಕಂತೆ" ಎನ್ನುವರು. ಚಿನ್ನಿ ನಗುತ್ತ ಗಂಡನ ಕಡೆ ತಿರುಗಿ, "ಕೇಳಿಸ್ತಲ್ಲ?" ಎನ್ನುವಳು. ಅಳಿಯನಿಗೆ ಅದು ಬೇಕಾದದ್ದನ್ನು ಕೇಳುವ ದಾರಿ ಎಂದು ಎಂದೂ ಅನಿಸಿರಲಿಲ್ಲ. ಮನೆಯ ಸದ್ದುಗಳಲ್ಲಿ ಒಂದು ಎಂದಷ್ಟೇ ಅನಿಸಿತ್ತು. ಅಂಥ ಮೆಲುದನಿಯವರಿಗಾಗಿ ತಾವು ದರ್ಜಿಯ ಗಂಟಲಿನ ಅಳತೆಗೆ ಯಂತ್ರ ಕಟ್ಟಿದ್ದರು! ಅದೂ ಮೈಕು ಗೋಡೆಯ ಕಡೆ, ಮಾತು ಇನ್ನೊಂದು ಕಡೆ.

ನೀರು ಕೊಟ್ಟು, ಊಟ ಮಾಡಿಸಿ, ಮೈಕು ಬಿಚ್ಚಿದರು. ಹೆಂಡತಿಯ ದಿಂಬಿಗೆ ಎರಡು ಸೂಜಿಪಿನ್ನು ಹಾಕಿ, ಅದರ ಮೇಲೆ ಕೂರಿಸಿದರು. ಅತ್ತೆ ನೋಡುತ್ತಿದ್ದರು. ಕೆಳಗೆ ಬಂದು ತಿರುಪನ್ನು ಸಡಿಲಿಸುತ್ತ ಹೋದರು. ಕಾಗೆಗೂ ಟಕ್, ಫ್ಯಾನಿಗೂ ಟಕ್. ಫ್ಯಾನಿನ ಬೇರಿಂಗಿಗೆ ಎಣ್ಣೆ ಬಿಟ್ಟರು. ಕಾಗೆಯ ವಿಷಯದಲ್ಲಿ ಏನೂ ಮಾಡಲಾಗಲಿಲ್ಲ. ಕೂಗಿದರೆ ಕೂಗಲಿ, ಅದೂ ದೇವರ ಜೀವ. ಸಂಜೆಯವರೆಗೂ ರೇಡಿಯೋ ತುಂಡುತುಂಡಾಗಿ ಹಾಡಿತು.

ಭಾನುವಾರ ಹತ್ತು ಗಂಟೆಗೆ ನಾದಿನಿ ಬಂದಳು. ಮೆಟ್ಟಿಲು ಹತ್ತುವ ಮುಂಚೆ ಅಂಗಡಿಗೇ ಬಂದು, ಖಾಲಿ ಚೀಲವನ್ನು ಬೆಂಚಿನ ಮೇಲಿಟ್ಟಳು. ರೇಡಿಯೋ ಜೋರಾಗಿ ಹಾಡುತ್ತಿತ್ತು.

"ಇನ್ನೂ ಹಾಗೇ ಇದೆಯಲ್ಲ ಭಾವ ಈ ಗಲಾಟೆ! ಇದರಲ್ಲಿ ನಾನು ಹೇಳಿದ್ದೇ ನಿಮಗೆ ಕೇಳಿಸ್ತಿಲ್ಲ, ಅಮ್ಮನ ಮಾತು ಕೇಳಿಸುತ್ತಾ?"

"ಕೂತ್ಕೋ."

"ಕೂತ್ಕೊಳ್ಳೋಕೆ ಟೈಮಿಲ್ಲ. ಸೀರೆ ಎಲ್ಲಿಟ್ಟಿದ್ದೀರಿ, ಹೇಳಿ. ಔಷಧಿ ಚೀಟಿ..."

ಟಕ್.

ಹಾಡು ಅರ್ಧಕ್ಕೆ ನಿಂತಿತು. ಒಂದು ಉಸಿರು ಕೇಳಿಸಿತು, ಆಮೇಲೆ ಪಿಸುಮಾತಿಗಿಂತ ಕೊಂಚವೇ ದೊಡ್ಡದಾದ ದನಿ.

"ಚಿನ್ನೀ, ನಿನ್ನ ತಂಗಿ ಬಂದ ಹಾಗಿದೆ, ಕೆಳಗೆ ಚಪ್ಪಲಿ ಸದ್ದಾಯ್ತು. ಚೀಲ ತಂದಿರ್ತಾಳೆ. ನಾನು ಬರಲ್ಲ ಅಂತ ಅವಳಿಗೆ ಹೇಳಮ್ಮ. ನಿನ್ನ ಯಜಮಾನರು ಬೆಳಗ್ಗೆ ಬರೀ ಕಾಫಿ ಕುಡಿದು ಇಳಿದಿದ್ದಾರೆ. ನಾನೂ ಹೋದರೆ ತಿಂದಿರಾ ಅಂತ ಅವರನ್ನ ಕೇಳೋರು ಯಾರು? ಹಾಗೇ ನೀರು ಬೇಕಂತೆ ಅಂತ ಅವರಿಗೆ ಹೇಳು. ಬಿಸಿ ಮಾಡೋದು ಬೇಡ."

ದನಿ ನಿಂತಿತು. ಒಂದು, ಎರಡು, ಮೂರು, ನಾಲ್ಕು. ಟಕ್. ಹಾಡು ಬಿಟ್ಟಲ್ಲಿಂದ ಮುಂದೆಲ್ಲೋ ಮತ್ತೆ ಹಿಡಿದುಕೊಂಡಿತು.

ನಾದಿನಿ ಡಬ್ಬಿಯನ್ನು ನೋಡಿದಳು, ಭಾವನನ್ನು ನೋಡಿದಳು. ಕಣ್ಣೊರೆಸಿಕೊಂಡು, ಚೀಲವನ್ನು ನಾಲ್ಕು ಮಡಿಕೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. ಆಮೇಲೆ ಅಂಗಡಿಯ ಮೂಲೆಯ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿದಳು.

"ಕೊಡಿಲ್ಲಿ, ನಾನೇ ತಗೊಂಡು ಹೋಗ್ತೀನಿ" ಎಂದಳು, ಲೋಟ ತನ್ನ ಕೈಯಲ್ಲೇ ಇದ್ದರೂ.

ರಿಪೇರಿಯವರು ಎದ್ದು ಅದನ್ನು ಇಸಿದುಕೊಂಡರು.

"ಬೇಡಮ್ಮ. ನನಗೆ ಹೇಳಿದ್ದಾರೆ."