ಭಾವ ಕೊಟ್ಟ ಚಕ್ರಗಳು

ಭಾವನದೂ ಅವನ ಹೆಂಡತಿಯ ತಂಗಿಯದೂ ಒಂದೇ ಮಾದರಿಯ ಸ್ಪೋರ್ಟ್ಸ್ ಕಾರು. ಭಾವ ಮಾತ್ರ ತನ್ನ ಕಾರಿಗೆ ಅಗಲ ಟೈರಿನ, ಕನ್ನಡಿಯಂತೆ ಹೊಳೆಯುವ ದೊಡ್ಡ ಚಕ್ರಗಳನ್ನು ಹಾಕಿಸಿದ್ದ. ಬಿಚ್ಚಿದ ಚಿಕ್ಕ ಚಕ್ರಗಳನ್ನು ನಾದಿನಿಯ ಅಂಗಳಕ್ಕೆ ಉರುಳಿಸಿ, "ತಗೋ, ಹೂಗಿಡ ನೆಡು," ಎಂದು ನಕ್ಕಿದ್ದ. ಅವಳದು ಸೆಕೆಂಡ್ ಹ್ಯಾಂಡ್ ಕಾರು, ಚಕ್ರಗಳೆಲ್ಲ ಸೊಟ್ಟ.

ಇಂದು ರೇಸ್ ಟ್ರ್ಯಾಕಿನಲ್ಲಿ, ಬಂಧುಬಳಗದ ಎದುರಿಗೇ ಇಬ್ಬರಿಗೂ ಪಂದ್ಯ. ಹಸಿರು ದೀಪ ಹತ್ತಿದ್ದೇ ತಡ, ನಾದಿನಿಯ ಕಾರು ಬಾಣದಂತೆ ಹಾರಿತು. ಭಾವನದು ಮೂರು ಸಲ ಬಡಿಸಿಕೊಂಡು ಉಂಡ ಬೀಗರಂತೆ ಕಷ್ಟಪಟ್ಟು ಎದ್ದು, ಕೊನೆಯ ಗೆರೆಯವರೆಗೂ ಹಿಂದೆಯೇ ಉಳಿಯಿತು.

"ಮೋಸ! ಎಂಜಿನ್‌ಗೆ ಏನೋ ಮಾಡ್ಸಿದಾಳೆ! ತೆಗಿ ಬಾನೆಟ್!" ಎಂದು ಭಾವ ಕೂಗಾಡಿದ.

ನಾದಿನಿಯ ಮುಖ ಕೆಂಪಾಯಿತು. ಬಾನೆಟ್ ಎತ್ತಿದಳು. ಅವನು ಮೂಗು ತೂರಿಸಿ ಮೂಲೆಮೂಲೆ ಹುಡುಕಿದ. ಎಲ್ಲವೂ ತನ್ನ ಕಾರಿನಲ್ಲಿ ಇದ್ದಂತೆಯೇ ಇತ್ತು. ಬೆನ್ನ ಹಿಂದೆ ಹೆಂಡತಿ ತಲೆ ತಗ್ಗಿಸಿ ನಿಂತಿದ್ದಳು.

"ನಿಮ್ಮ ಚಕ್ರ ದೊಡ್ಡದು, ಭಾರ ಜಾಸ್ತಿ ಭಾವ. ಅದನ್ನ ತಿರುಗಿಸೋದ್ರಲ್ಲೇ ಎಂಜಿನ್ ಏದುಸಿರು ಬಿಡತ್ತೆ. ನನ್ನದು ಚಿಕ್ಕದು, ಹಗುರ," ಎಂದಳು ನಾದಿನಿ.

"ಎಲ್ಲಿ ಸಿಕ್ತು ಅದು?" ಎಂದು ಗದರುತ್ತ ಬಗ್ಗಿ ನೋಡಿದ. ಅವನೇ ತನ್ನ ಗೇಟಿಗೆ ಉಜ್ಜಿ ಮಾಡಿದ್ದ ಗೀರು, ಅವಳ ಕಾರಿನ ಮುಂದಿನ ಚಕ್ರದ ಅಂಚಿನಲ್ಲಿ ಎದ್ದು ಕಾಣುತ್ತಿತ್ತು. ಕಿವಿಯವರೆಗೂ ಬಿಸಿಯೇರಿತು.

"ಹೂಗಿಡ..." ಎಂದು ತೊದಲಿದ.

"ಮನಸ್ಸು ಬರ್ಲಿಲ್ಲ ಭಾವ," ಎಂದಳು ಅವಳು, ಬಾನೆಟ್ ಮೆಲ್ಲಗೆ ಇಳಿಸುತ್ತ. "ನೀವು ಪ್ರೀತಿಯಿಂದ ಕೊಟ್ಟಿದ್ದಲ್ವಾ."